ಆಮೆಗೂ ಲೈಸೆನ್ಸ್ ಕೊಡ್ತೀರಾ?

ರಾತ್ರಿ ಪಾಳಿ ಮುಗಿಸಿ ಶಿಡ್ಲಘಟ್ಟದಲ್ಲಿ ಬಸ್ ಹತ್ತಿದವಳು ಚಿಕ್ಕಬಳ್ಳಾಪುರ ಬರುವವರೆಗೂ ಕಿಟಕಿಗೆ ತಲೆ ಒರಗಿಸಿ ತೂಕಡಿಸಿದ್ದೆ. ಆಸ್ಪತ್ರೆಯಲ್ಲಿ ಆ ರಾತ್ರಿ ಎರಡು ಹೆರಿಗೆ, ಒಂದು ಹಾವು ಕಡಿತ. ನನಗೆ ಬೇಕಾಗಿದ್ದದ್ದು ಒಂದು ಲೋಟ ಕಾಫಿ, ಆಮೇಲೆ ಮಧ್ಯಾಹ್ನದವರೆಗೆ ಯಾರೂ ಎಬ್ಬಿಸದ ನಿದ್ದೆ. ನಮ್ಮ ಬೀದಿಗೆ ತಿರುಗಿದರೆ ಅತ್ತೆ ಗೇಟಿನ ಹತ್ತಿರವೇ ನಿಂತಿದ್ದರು. ಅವರು ಹಾಗೆ ನಿಂತಿದ್ದರೆ ಮನೆಯಲ್ಲಿ ಏನೋ ಆಗಿದೆ ಅಂತಲೇ ಅರ್ಥ.

ನಾನು ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು. "ನಿನ್ನೆ ಸಾಯಂಕಾಲ ನೀನು ಡ್ಯೂಟಿಗೆ ಹೋದ್ಮೇಲೆ ನಗರಸಭೆಯೋರು ಬಂದಿದ್ರಮ್ಮ."

"ಕಂದಾಯಕ್ಕಾ?"

"ಅಲ್ಲ, ನಾಯಿ ವಿಚಾರಕ್ಕೆ. ಯಾರ್ ಮನೇಲಿ ನಾಯಿ ಐತೆ, ಇಂಜೆಕ್ಷನ್ ಹಾಕ್ಸವ್ರಾ, ಲೈಸೆನ್ಸ್ ಮಾಡ್ಸವ್ರಾ ಅಂತ ಮನೆ ಮನೆಗೂ ಕೇಳ್ತಾ ಅವ್ರೆ. ನಮ್ಮನೇಲಿ ನಾಯಿ ಇಲ್ಲಪ್ಪ, ತಾಬೇಲು ಐತೆ, ಅದಕ್ಕೂ ಲೈಸೆನ್ಸ್ ಕೊಡ್ತೀರಾ ಅಂದೆ."

ನಾನು ಮೆಟ್ಟಿಲ ಮೇಲೆ ಕೂತೆ. "ತೋರಿಸಿದ್ರಾ?"

"ತೋರಿಸ್ದೆ. ಎಲ್ಲೈತೆ ತೋರ್ಸಿ ಅಜ್ಜಿ ಅಂತ ಅವ್ರಲ್ಲೊಬ್ಬ ಕೇಳ್ದ. ಇಲ್ಲ ಅನ್ನಕ್ಕಾಗ್ತದಾ?"

ತಾಬೇಲು ಅಂದರೆ ತೆಲುಗಿನಲ್ಲಿ ಆಮೆ. ಅತ್ತೆ ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ ಕಡೆಯವರು. ಅವರ ಮನೆಯಲ್ಲಿ ಒಂದು ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ಪ್ರಾಣಿಯ ಜೊತೆ ಮಾತಾಡುವಾಗಂತೂ ಅತ್ತೆಗೆ ಪೂರ್ತಿ ತೆಲುಗೇ. "ರಾ ನಾನ್ನಾ, ರಾ" ಎಂದು ಹಿತ್ತಲಲ್ಲಿ ಕರೆದರೆ ಆ ಆಮೆ ಕರಿಬೇವಿನ ಗಿಡದ ಬುಡದಿಂದ ಮೊದಲು ಕತ್ತು, ಆಮೇಲೆ ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಆಚೆ ಹಾಕಿ ಬರುತ್ತಿತ್ತು. ಕಪ್ಪು ಚಿಪ್ಪಿನ ಮೇಲೆ ಹಳದಿ ಗೆರೆಗಳು, ಒಂದೊಂದು ಉಬ್ಬಿನಿಂದಲೂ ಸುತ್ತ ಹರಡಿದ ಕಿರಣಗಳ ಹಾಗೆ. ನಮ್ಮ ಮಾವ ಇನ್ನೂ ಗಟ್ಟಿಯಾಗಿದ್ದ ಕಾಲದಲ್ಲಿ ಕಡಲೆಕಾಯಿ ಹೊಲದ ಸಾಲಿನಲ್ಲಿ ಅದು ಸಿಕ್ಕಿತಂತೆ, ಅಂಗೈ ಅಗಲ ಇತ್ತಂತೆ. ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದು ಅತ್ತೆಯ ಮಡಿಲಿಗೆ ಹಾಕಿದರಂತೆ. ನಾನು ಮದುವೆಯಾಗಿ ಹೋದಾಗ ಅದು ಆ ಮನೆಯಲ್ಲಿ ನನಗಿಂತ ಹಳಬ. ಮಾವ ತೀರಿಕೊಂಡ ಮೇಲೆ ಅತ್ತೆ ನಮ್ಮ ಜೊತೆಗಿರಲು ಬಂದಾಗ ಎರಡು ಟ್ರಂಕು, ಒಂದು ಬೀಸುವ ಕಲ್ಲು, ಮಂಕರಿಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತ ಈ ಆಮೆ, ಇಷ್ಟು ಬಂದವು.

ನನಗೆ ಅದರ ಮೇಲೆ ಪ್ರೀತಿ ಅಂತ ಏನೂ ಇರಲಿಲ್ಲ. ದ್ವೇಷವೂ ಇರಲಿಲ್ಲ. ನನ್ನ ಪಾಲಿಗೆ ಅದು ಇನ್ನೊಂದು ಕೆಲಸ. ಆಸ್ಪತ್ರೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ಆಯಾ ಸಾದಲಿಯವಳು, ಅವರ ಮನೆಯಲ್ಲಿ ರೇಷ್ಮೆಹುಳು ಸಾಕುತ್ತಾರೆ. ಹುಳಕ್ಕೆ ಹಾಕಿ ಮಿಕ್ಕ ಸೊಪ್ಪನ್ನು ಕವರಿನಲ್ಲಿ ತುಂಬಿ ತಂದುಕೊಡುತ್ತಿದ್ದಳು. ಬಸ್ಸಿನಲ್ಲಿ ನಿಂತು ಬರುವಾಗ ಒಂದು ಕೈಯಲ್ಲಿ ಟಿಫನ್ ಬ್ಯಾಗು, ಇನ್ನೊಂದು ಕೈಯಲ್ಲಿ ಆಮೆಯ ಸೊಪ್ಪು. ಎಷ್ಟೋ ಸಲ ಸುಸ್ತಿನಲ್ಲಿ ಅದನ್ನು ಬಸ್ಸಿನಲ್ಲೇ ಬಿಟ್ಟು ಇಳಿದದ್ದೂ ಇದೆ.

ನಗರಸಭೆಯವನು ಅತ್ತೆಗೆ ಹೇಳಿದ್ದು ಇಷ್ಟು. "ಅಜ್ಜಿ, ಇದು ನಕ್ಷತ್ರ ಆಮೆ. ಕಾಡುಪ್ರಾಣಿ ಲೆಕ್ಕ. ಇದಕ್ಕೆ ಲೈಸೆನ್ಸ್ ಕೊಡೋದಿರ್ಲಿ, ಮನೇಲಿ ಇಟ್ಕೊಳ್ಳೋ ಹಂಗೇ ಇಲ್ಲ. ಫಾರೆಸ್ಟಿನೋರಿಗೆ ಗೊತ್ತಾದ್ರೆ ಕೇಸಾಗ್ತದೆ. ನೀವಾಗೇ ಹೋಗಿ ಒಪ್ಪಿಸ್ಬಿಡಿ."

ಅತ್ತೆ ಆ ಮಾತನ್ನು ನನಗೆ ಹೇಳಿದ್ದು ಹೆದರಿಕೆಯಿಂದಲ್ಲ, ಆಶ್ಚರ್ಯದಿಂದ. "ಹಂಗಾದ್ರೆ ಕಚ್ಚೋ ನಾಯಿಗೆ ಲೈಸೆನ್ಸ್ ಐತೆ. ಸೊಪ್ಪು ತಿನ್ಕೊಂಡು ಮೂಲೇಲಿ ಬಿದ್ದಿರೋ ಇದಕ್ಕೆ ಇಲ್ವಾ? ಇದೇನಮ್ಮ ನ್ಯಾಯ?"

ನನಗೆ ನ್ಯಾಯ ಅನ್ಯಾಯ ಯೋಚಿಸುವ ತ್ರಾಣ ಇರಲಿಲ್ಲ. ಸರ್ಕಾರಿ ಕೆಲಸದಲ್ಲಿರುವವಳ ಮನೆಯಲ್ಲಿ ಕಾಡುಪ್ರಾಣಿ ಸಿಕ್ಕಿತು ಅಂತ ಯಾರಾದರೂ ಮೊಬೈಲಿನಲ್ಲಿ ಹಾಕಿದರೆ ಏನಾಗುತ್ತದೆ ಅನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಮಲಗಿದೆ, ನಿದ್ದೆ ಬರಲಿಲ್ಲ.

ಸಂಜೆ ನಮ್ಮ ಯಜಮಾನರು ಬಸ್ ಡಿಪೋದಿಂದ ಬಂದು ಕೈಗಂಟಿದ ಗ್ರೀಸು ತೊಳೆಯುತ್ತಾ ಇದೆಲ್ಲ ಕೇಳಿಸಿಕೊಂಡರು. "ಇದಕ್ಕೆ ಯಾಕಿಷ್ಟು ತಲೆ ಕೆಡಿಸ್ಕೊಂಡಿದೀಯ? ಮಂಡಿಕಲ್ ಕಡೆ ಗುಡ್ಡ ಇಲ್ವಾ? ನಾಳೆ ಗಾಡಿ ತಗೊಂಡು ಹೋಗಿ ಬಿಟ್ಟು ಬರ್ತೀನಿ. ಮುಗೀತು."

"ಬಿಡ್ತಾನಂತೆ," ಅಂದರು ಅತ್ತೆ. "ಅದಕ್ಕೆ ಗುಡ್ಡ ಅಂದ್ರೆ ಏನು ಗೊತ್ತು? ಅಂಗೈ ಅಗಲ ಇದ್ದಾಗಿಂದ ನನ್ನ ಕೈಯಾಗೆ ತಿಂದೈತೆ. ನಿನ್ನನ್ನ ಕರ್ಕೊಂಡೋಗಿ ಗುಡ್ಡದಾಗೆ ಬಿಟ್ರೆ ನೀನು ಬದುಕ್ತೀಯೇನೋ?"

"ಮತ್ತೆ ಫಾರೆಸ್ಟಿಗೆ ಕೊಡೋಣ ಅಂದ್ರೆ ಅದಕ್ಕೂ ಬೇಡ ಅಂತೀಯ."

"ನಾನು ಯಾವುದಕ್ಕೂ ಏನೂ ಅಂದಿಲ್ಲ."

ಅವರು ಏನೂ ಅನ್ನಲಿಲ್ಲ ಅನ್ನುವುದು ನಿಜ. ಅಮ್ಮ ಮಗ ಇಬ್ಬರೂ ನನ್ನ ಮುಖ ನೋಡಿದರು. ಈ ಮನೆಯಲ್ಲಿ ಆಫೀಸು, ಬ್ಯಾಂಕು, ಗ್ಯಾಸು, ಕರೆಂಟು ಎಲ್ಲಕ್ಕೂ ಕೊನೆಗೆ ನೋಡುವುದು ನನ್ನ ಮುಖವನ್ನೇ. ನಾನು ಹೋಗ್ತೀನಿ ಅಂದೆ.

ವಾರದ ರಜೆಯ ದಿನ ಅರಣ್ಯ ಇಲಾಖೆಯ ಕಚೇರಿಗೆ ಹೋದೆ. ದೊಡ್ಡವರು ಯಾರೂ ಇರಲಿಲ್ಲ. ಖಾಕಿ ಪ್ಯಾಂಟು ಶರ್ಟಿನ ಒಬ್ಬ ಹುಡುಗಿ ಇದ್ದಳು, ಫಾರೆಸ್ಟ್ ಗಾರ್ಡ್. ಹಾಸ್ಟೆಲಿನಲ್ಲಿ ಓದುತ್ತಿರುವ ನನ್ನ ಮಗಳ ವಯಸ್ಸಿಗಿಂತ ಸ್ವಲ್ಪ ಹೆಚ್ಚು ಇರಬಹುದು. ಬೂಟಿನ ತುಂಬ ಕೆಂಪು ಮಣ್ಣು, ಕಣ್ಣಿನ ಕೆಳಗೆ ಕಪ್ಪು. ಅವಳೂ ನಿದ್ದೆಗೆಟ್ಟವಳು ಅಂತ ನೋಡಿದ ಕೂಡಲೇ ಗೊತ್ತಾಯಿತು. ನಾನು ನರ್ಸ್ ಅಂದ ತಕ್ಷಣ ಕುರ್ಚಿ ಎಳೆದು ಕೂರಿಸಿದಳು.

ಎಲ್ಲ ಕೇಳಿ ಅವಳು ಬೈಯಲಿಲ್ಲ. "ನೀವಾಗೇ ಬಂದು ಹೇಳಿದ್ದು ಒಳ್ಳೇದಾಯ್ತು ಸಿಸ್ಟರ್. ಭಯ ಬೀಳಬೇಡಿ. ಮಾರೋದು ಕೊಳ್ಳೋದು ಮಾಡೋರ ಮೇಲೆ ನಮ್ಮ ಕಣ್ಣು, ನಿಮ್ಮಂಥೋರ ಮೇಲಲ್ಲ. ಆದ್ರೆ ಇಟ್ಕೊಳ್ಳೋ ಹಾಗಂತೂ ಇಲ್ಲ."

"ಗುಡ್ಡದಲ್ಲಿ ಬಿಟ್ರೆ ಆಗಲ್ವಾ? ನಮ್ಮನೆಯವರು ಹಂಗಂತಾರೆ."

"ಅಯ್ಯೋ, ಬೇಡ. ಇಷ್ಟು ವರ್ಷ ಮನೇಲಿದ್ದಿದ್ದಕ್ಕೆ ಏನಾದ್ರೂ ರೋಗ ಅಂಟಿದ್ರೆ ಅಲ್ಲಿರೋವಕ್ಕೂ ಹಬ್ಬುತ್ತೆ. ಅದಕ್ಕೆ ತಾನಾಗಿ ಹುಡುಕ್ಕೊಂಡು ತಿನ್ನೋದೂ ಗೊತ್ತಿರಲ್ಲ. ಬೆಂಗಳೂರು ಕಡೆ ಇಂಥವನ್ನ ನೋಡ್ಕೊಳ್ಳೋ ಕೇಂದ್ರ ಇದೆ, ಅಲ್ಲಿಗೆ ಕಳಿಸ್ಬೇಕು."

"ಹಾಗಾದ್ರೆ ನಾಳೆ ತಂದುಕೊಡ್ಲಾ?"

ಅವಳು ಬೇಡ ಅನ್ನುವಂತೆ ಕೈ ಆಡಿಸಿದಳು. "ಕೇಂದ್ರದಲ್ಲಿ ಜಾಗ ಇದೆ ಅಂತ ಅವರು ಹೇಳ್ಬೇಕು. ಇಲ್ಲಿ ತಂದಿಟ್ರೆ ನೋಡ್ಕೊಳ್ಳೋರು ಯಾರೂ ಇಲ್ಲ. ಬೆಟ್ಟದ ಕಡೆ ಚಿರತೆ ಓಡಾಡ್ತಿದೆ ಅಂತ ನಾವೆಲ್ಲ ಆ ಕಡೆಗೇ ಇದೀವಿ, ಗಾಡಿನೂ ಅಲ್ಲೇ ಇದೆ. ನಾವೇ ಬಂದು ತಗೊಂಡು ಹೋಗ್ತೀವಿ. ಅಲ್ಲೀವರೆಗೂ ನಿಮ್ಮನೇಲೇ ಇರ್ಲಿ. ಹೊರಗೆ ಬಿಡಬೇಡಿ, ಯಾರಿಗೂ ಕೊಡಬೇಡಿ."

"ಇಟ್ಕೊಂಡ್ರೆ ತಪ್ಪು ಅಂದ್ರಿ."

"ತಪ್ಪೇ," ಅಂದಳು. ಆಮೇಲೆ ಅವಳಿಗೇ ನಗು ಬಂತು. "ಆದ್ರೆ ಈಗ ನಮಗೆ ಹೇಳಿದೀರಲ್ಲ."

ನಾನೂ ನಕ್ಕೆ. ಮನೆಗೆ ಬರುವ ದಾರಿಯಲ್ಲಿ ಆ ನಗು ಇಳಿದುಹೋಯಿತು. ಒಪ್ಪಿಸಿ ಕೈ ತೊಳೆದುಕೊಳ್ಳೋಣ ಅಂತ ಹೋದವಳು ಅದನ್ನು ಕಾಯುವ ಕೆಲಸ ಹೊತ್ತುಕೊಂಡು ವಾಪಸ್ ಬಂದಿದ್ದೆ.

ಆಮೇಲೆ ಶುರುವಾಯಿತು ಕಾಯುವುದು. ಅತ್ತೆ ಪ್ರತಿದಿನ ಬೆಳಿಗ್ಗೆ ಎದ್ದು ಒಂದು ಒದ್ದೆ ಬಟ್ಟೆಯಲ್ಲಿ ಅದರ ಚಿಪ್ಪು ಒರೆಸುತ್ತಿದ್ದರು, ಹೆಣ್ಣು ನೋಡಲು ಬರುವವರಿದ್ದಾರೆ ಎನ್ನುವ ಹಾಗೆ. "ಇವತ್ತು ಬರ್ತಾರಾ?" ಅಂತ ನನ್ನನ್ನು ಕೇಳುತ್ತಿದ್ದರು. ಗೊತ್ತಿಲ್ಲ ಅತ್ತೆ ಅನ್ನುತ್ತಿದ್ದೆ. ಡ್ಯೂಟಿಯಿಂದ ಬಂದರೆ "ಬರ್ಲಿಲ್ಲ ಕಣಮ್ಮ" ಅನ್ನುತ್ತಿದ್ದರು. ಅದರಲ್ಲಿ ಸಮಾಧಾನ ಇತ್ತೋ ಬೇಸರ ಇತ್ತೋ ನನಗೆ ತಿಳಿಯುತ್ತಿರಲಿಲ್ಲ. ನಾನು ಫೋನ್ ಮಾಡಿದರೆ ಆ ಹುಡುಗಿ ಒಂದೊಂದು ಸಲ ಎತ್ತುತ್ತಿದ್ದಳು. ಎತ್ತಿದಾಗ ಅವಳ ಹಿಂದೆ ಗಾಳಿಯ ಸದ್ದು. "ಬೆಟ್ಟದ ಮೇಲಿದೀನಿ ಸಿಸ್ಟರ್, ನೆನಪಿದೆ, ನೆನಪಿದೆ" ಅನ್ನುತ್ತಿದ್ದಳು.

ಮೊದಲೆಲ್ಲ ಬೀದಿಯ ಹೆಂಗಸರು ಸಂಜೆ ಹಿತ್ತಲಿಗೆ ಬಂದು ಕೂತು ಆಮೆಗೆ ದಾಸವಾಳದ ಹೂವು ತಿನ್ನಿಸಿ ಹೋಗುತ್ತಿದ್ದರು. ಆಮೆ ಇದ್ದ ಮನೆಗೆ ಒಳ್ಳೆಯದಾಗುತ್ತದೆ ಅನ್ನುವವರೂ ಇದ್ದರು. ಈಗ ಅತ್ತೆ ಹಿತ್ತಲ ಬಾಗಿಲಿಗೆ ಚಿಲಕ ಹಾಕಲು ಶುರು ಮಾಡಿದರು. ಯಾರಾದರೂ ಕೇಳಿದರೆ ಮಲಗೈತೆ ಅನ್ನುತ್ತಿದ್ದರು. ಮುಚ್ಚುಮರೆ ಅವರ ಸ್ವಭಾವವಲ್ಲ. ಅದು ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ಒಂದು ದಿನ ಮುದ್ದೆ ಮುರಿಯುತ್ತಾ ಅಂದರು, "ಇಷ್ಟು ವಯಸ್ಸಾಗಿ ಕಳ್ಳೀ ತರ ಬದುಕ್ತಿದೀನಿ ಕಣಮ್ಮ."

ನಮ್ಮ ಪಕ್ಕದ ಮನೆಯವನು ಹೂವಿನ ಮಂಡಿ ವ್ಯಾಪಾರಿ. ನನಗಿಂತ ಚಿಕ್ಕವನು, ನನ್ನನ್ನು ಅಕ್ಕ ಅಂತಲೇ ಕರೆಯುತ್ತಾನೆ. ಅವನಿಗೊಂದು ದೊಡ್ಡ ಜರ್ಮನ್ ಶೆಫರ್ಡ್. ನಗರಸಭೆಯವರು ಬಂದು ಹೋದ ವಾರದಲ್ಲೇ ಅದಕ್ಕೆ ಇಂಜೆಕ್ಷನ್ ಹಾಕಿಸಿ ಲೈಸೆನ್ಸ್ ಮಾಡಿಸಿದ. ಅದರ ಕೊರಳಿಗೆ ಒಂದು ಬಿಲ್ಲೆ ಬಂತು. ಕಾಂಪೌಂಡಿನ ಆ ಕಡೆಯಿಂದ ನನಗೆ ತೋರಿಸಿದ. "ನೋಡಿ ಅಕ್ಕ, ನಮ್ಮ ಬೀದೀಲಿ ನಂದೇ ಫಸ್ಟು."

"ಬಿಲ್ಲೆ ಸರಿ. ಚೈನು ಎಲ್ಲಪ್ಪ?" ಅಂದೆ. ಬೆಳಿಗ್ಗೆ ಹೊತ್ತು ಅವನು ಅದನ್ನು ಹಾಗೇ ಬಿಡುತ್ತಿದ್ದ. ಹಾಲಿನವನು ನಮ್ಮ ಮನೆ ಮುಂದೆ ಸೈಕಲ್ ಇಳಿಯುವುದಕ್ಕೇ ಹೆದರುತ್ತಿದ್ದ.

"ಕಟ್ಟಿದ್ರೆ ಬೊಗಳಿ ಬೊಗಳಿ ಪ್ರಾಣ ತೆಗೀತದೆ ಅಕ್ಕ. ಒಂದು ಗಳಿಗೆ ಬಿಡ್ತೀನಿ ಅಷ್ಟೆ. ಯಾರಿಗೂ ಏನೂ ಮಾಡಲ್ಲ."

ಬೀದಿಯಲ್ಲಿ ಬಿಡುವ ಹಾಗಿಲ್ಲ, ಹಗ್ಗ ಇರಬೇಕು ಅಂತ ನಗರಸಭೆಯವರೇ ಹೇಳಿ ಹೋಗಿದ್ದಾರಲ್ಲ ಅನ್ನಬೇಕೆಂದುಕೊಂಡೆ. ನಮ್ಮ ಹಿತ್ತಲು ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಅವತ್ತು ಭಾನುವಾರ. ನಾನು ಮಹಡಿ ಮೇಲೆ ಬಟ್ಟೆ ಹರವುತ್ತಿದ್ದೆ. ಪಕ್ಕದವನು ಮನೆ ದೊಡ್ಡದು ಮಾಡಲು ತರಿಸಿದ ಕಲ್ಲು ಚಪ್ಪಡಿಗಳನ್ನು ನಮ್ಮ ಹಿತ್ತಲ ಗೋಡೆಗೆ ಅವನ ಕಡೆಯಿಂದ ಒರಗಿಸಿ ಜೋಡಿಸಿದ್ದ. ಅವುಗಳ ಮೇಲೆ ಕಾಲಿಟ್ಟರೆ ನಮ್ಮ ಗೋಡೆ ಏನೂ ಎತ್ತರವಲ್ಲ. ಮೊದಲು ಅತ್ತೆಯ ಕೂಗು ಕೇಳಿಸಿತು, ಆಮೇಲೆ ಒಣ ಕೊಬ್ಬರಿ ಕಡಿದಂಥ ಸದ್ದು. ಕೆಳಗೆ ನೋಡಿದರೆ ನಾಯಿ ಕರಿಬೇವಿನ ಗಿಡದ ಹತ್ತಿರ ಮುಂಗಾಲು ಚಾಚಿ ಕೂತು ಆಮೆಯನ್ನು ಎರಡು ಕಾಲಿನ ನಡುವೆ ಹಿಡಿದು ಅಗಿಯುತ್ತಿತ್ತು. ಅತ್ತೆ ತೆಂಗಿನಗರಿ ಪೊರಕೆಯಿಂದ ಅದರ ಬೆನ್ನಿಗೆ ಬಾರಿಸುತ್ತಿದ್ದರು. ಅದಕ್ಕೆ ಲೆಕ್ಕವೇ ಇಲ್ಲ.

ನಾನು ಮೆಟ್ಟಿಲು ಹೇಗೆ ಇಳಿದೆನೋ ಗೊತ್ತಿಲ್ಲ. ತುಂಬಿದ ಬಕೆಟ್ ನೀರನ್ನು ಅದರ ಮುಖಕ್ಕೆ ಸುರಿದೆ. ಅಷ್ಟರಲ್ಲಿ ಪಕ್ಕದವನು ಬರಿಗಾಲಲ್ಲಿ ಗೋಡೆ ಹಾರಿ ಬಂದು ಬಿಲ್ಲೆಯ ಪಟ್ಟಿ ಹಿಡಿದು ನಾಯಿಯನ್ನು ಎಳೆದ. ಆಮೆ ತಲೆಕೆಳಗಾಗಿ ಬಿದ್ದಿತ್ತು. ಚಿಪ್ಪಿನ ಹಿಂಭಾಗದ ಅಂಚು ಹೋಗಿತ್ತು. ಹಿಂಗಾಲೊಂದು ಹರಿದು ರಕ್ತ ಸೋರುತ್ತಿತ್ತು. ಅದಕ್ಕೆ ಇಷ್ಟು ಕೆಂಪು ರಕ್ತ ಇರುತ್ತದೆ ಅಂತ ನಾನು ಯೋಚಿಸಿಯೇ ಇರಲಿಲ್ಲ.

ಮನೆಯಲ್ಲಿ ಸಲೈನ್ ಬಾಟಲಿ ಇತ್ತು, ಹತ್ತಿ ಬಟ್ಟೆ ಇತ್ತು. ತೊಳೆದೆ, ಒತ್ತಿ ಹಿಡಿದೆ. ಕೈ ತಾನಾಗಿ ಕೆಲಸ ಮಾಡುತ್ತಿತ್ತು. ಅತ್ತೆ ನೆಲದ ಮೇಲೆ ಕೂತು ಪಕ್ಕದವನನ್ನು ಬೈದರು, ಕನ್ನಡದಲ್ಲಿ ಶುರುಮಾಡಿ ತೆಲುಗಿಗೆ ಹೋದರು. ಅವನು ತಲೆ ತಗ್ಗಿಸಿ ನಿಂತಿದ್ದ.

"ಪೊಲೀಸಿಗೆ ಹೇಳು," ಅಂದರು ನನಗೆ. "ನಗರಸಭೆಗೆ ಹೇಳು. ಕಟ್ಟಾಕದೆ ಬಿಟ್ಟವ್ನೆ ಅಂತ ಬರ್ಕೊಡು."

"ಏನಂತ ಬರ್ಕೊಡ್ಲಿ ಅತ್ತೆ? ಅವನ ನಾಯಿ ಕೊರಳಲ್ಲಿ ಬಿಲ್ಲೆ ಐತೆ. ನಮ್ಮ ತಾಬೇಲು ನಮ್ಮನೇಲಿ ಇರೋದೇ ತಪ್ಪು."

ಜೋರಾಗಿ ಹೇಳಲಿಲ್ಲ, ಹೇಳುವ ಶಕ್ತಿಯೂ ಇರಲಿಲ್ಲ. ಆದರೆ ಪಕ್ಕದವನೂ ಕೇಳಿಸಿಕೊಂಡ. ಆಮೇಲೆ ಅವನೇ, "ಕಾರು ತೆಗೀತೀನಿ ಅಕ್ಕ, ದನದಾಸ್ಪತ್ರೆಗೆ ಹೋಗಣ" ಅಂದ.

ಕಾರಿನಲ್ಲಿ ಸೇವಂತಿಗೆ ವಾಸನೆ. ಹಿಂದಿನ ಸೀಟಿನಲ್ಲಿ ಅತ್ತೆ ಮಡಿಲಲ್ಲಿ ಟವೆಲ್ ಹಾಸಿ ಅದನ್ನು ಇಟ್ಟುಕೊಂಡಿದ್ದರು. ಅದು ತಲೆ ಒಳಗೆ ಎಳೆದುಕೊಂಡಿತ್ತು. ಬದುಕಿದೆಯೋ ಇಲ್ಲವೋ ತಿಳಿಯದೆ ಅವರು ಆಗಾಗ ಬಗ್ಗಿ ನೋಡುತ್ತಿದ್ದರು.

ಭಾನುವಾರವಾದ್ದರಿಂದ ಪಶು ಆಸ್ಪತ್ರೆಯಲ್ಲಿ ಜನ ಇರಲಿಲ್ಲ. ಡಾಕ್ಟರು ಯಾವುದೋ ಹಳ್ಳಿಯಲ್ಲಿ ಹಸುವಿಗೆ ಕರು ಹಾಕಿಸಿ ಆಗತಾನೇ ಬಂದು ಕೈ ತೊಳೆಯುತ್ತಿದ್ದರು. ನಾನು ನರ್ಸ್, ಗಾಯ ತೊಳೆದು ತಂದಿದ್ದೇನೆ ಅಂದೆ. ಟವೆಲ್ ಬಿಚ್ಚಿದ ಕೂಡಲೇ ಅವರು ನನ್ನ ಮುಖ ನೋಡಿದರು.

"ಇದು ಎಲ್ಲಿ ಸಿಕ್ತು?"

ಸುಳ್ಳು ಹೇಳಬಹುದಿತ್ತು. ರಸ್ತೆಯಲ್ಲಿ ಸಿಕ್ಕಿತು ಅಂದರೆ ಮುಗಿಯುತ್ತಿತ್ತು. ಅತ್ತೆ ನನಗಿಂತ ಮೊದಲೇ ಹೇಳಿಬಿಟ್ಟರು. "ನಮ್ಮದೇ ಸ್ವಾಮಿ. ಸಾಕಿದ್ದು."

"ಫಾರೆಸ್ಟಿನೋರಿಗೆ ಗೊತ್ತಾ?"

"ಗೊತ್ತು ಸರ್," ಅಂದೆ. "ಒಪ್ಪಿಸ್ತೀವಿ ಅಂದ್ವಿ. ಬಂದು ತಗೊಂಡು ಹೋಗ್ತೀವಿ ಅಂದ್ರು. ಕಾಯ್ತಾ ಇದ್ವಿ."

ಅವರು ನಿಟ್ಟುಸಿರು ಬಿಟ್ಟರು. "ಇದಕ್ಕೆ ಕೈ ಹಾಕೋ ಮುಂಚೆ ಅವರಿಗೆ ತಿಳಿಸ್ಬೇಕು. ತಿಳಿಸ್ತೀನಿ. ಹಾಗಂತ ರಕ್ತ ಸುರೀತಿರೋವಾಗ ಫೋನ್ ಹಿಡ್ಕೊಂಡು ಕೂರಕ್ಕಾಗಲ್ಲ. ನೀವು ನರ್ಸ್ ಅಂದ್ರಲ್ಲ, ಆ ಕಾಲು ಹಿಡ್ಕೊಳ್ಳಿ."

ಹಿಡಿದುಕೊಂಡೆ. ಚರ್ಮ ಒರಟಾಗಿ, ತಣ್ಣಗೆ ಇತ್ತು. ಸೂಜಿ ಹೋಗುವಾಗ ಕಾಲು ನನ್ನ ಬೆರಳುಗಳನ್ನು ದೂಡಿತು. ಇಷ್ಟು ನಿಧಾನದ ಪ್ರಾಣಿಗೆ ಅಷ್ಟೊಂದು ಬಲ. ಇಷ್ಟು ವರ್ಷ ಅದಕ್ಕೆ ಸೊಪ್ಪು ಹೊತ್ತವಳು ನಾನು, ಕೈಯಲ್ಲಿ ಹಿಡಿದದ್ದು ಅವತ್ತೇ ಮೊದಲು. ಹೊಲಿಗೆ ಮುಗಿಯುವವರೆಗೂ ಅತ್ತೆ ಬಾಗಿಲ ಆಚೆ ನಿಂತು "ಏಮೀ ಕಾದು ನಾನ್ನಾ, ಏಮೀ ಕಾದು" ಅನ್ನುತ್ತಿದ್ದರು. ಏನೂ ಆಗಲ್ಲ ಕಂದ, ಏನೂ ಆಗಲ್ಲ.

ಅವತ್ತು ರಾತ್ರಿ ಅದನ್ನು ಮನೆಯಲ್ಲೇ ಇಟ್ಟುಕೊಂಡೆವು. ಅಷ್ಟು ದಿನ ಬಾರದ ಗಾಡಿ ಮಾರನೆಯ ಬೆಳಿಗ್ಗೆ ಬಂತು. ಗಾಯವಾದ ಕಾಡುಪ್ರಾಣಿ ಅಂತ ಡಾಕ್ಟರು ಫೋನ್ ಮಾಡಿದ ಮೇಲೆ ತಡ ಮಾಡುವ ಹಾಗಿರಲಿಲ್ಲವಂತೆ. ನಾನು ಡ್ಯೂಟಿ ಬದಲಾಯಿಸಿಕೊಂಡು ಮನೆಯಲ್ಲೇ ಇದ್ದೆ. ಆ ಗಾರ್ಡ್ ಹುಡುಗಿಯೇ ಬಂದಳು, ಕೈಯಲ್ಲಿ ಗಾಳಿಗೆ ತೂತು ಮಾಡಿದ ಒಂದು ಪ್ಲಾಸ್ಟಿಕ್ ಕ್ರೇಟು. ನನ್ನ ಕಡೆ ನೋಡಲು ಅವಳಿಗೆ ಮುಜುಗರ.

"ಮುಂಚೇನೇ ಬರಬೇಕಿತ್ತು ಸಿಸ್ಟರ್."

"ನೀವೇನ್ ಮಾಡ್ತೀರಮ್ಮ," ಅಂದೆ. ಅದನ್ನು ಮನಸ್ಸಿನಿಂದಲೇ ಅಂದೆ. ನಮ್ಮ ಆಸ್ಪತ್ರೆಯಲ್ಲೂ ಒಂದೇ ಆಂಬುಲೆನ್ಸು ಆಚೆ ಹೋಗಿರುವಾಗ ಬಾಗಿಲಲ್ಲಿ ನಿಂತವರಿಗೆ ನಾನು ಇದೇ ಮುಖ ತೋರಿಸಿದ್ದೇನೆ.

ಒಂದು ಹಾಳೆ ತಂದಿದ್ದಳು. ಅತ್ತೆ ಸಹಿ ಹಾಕಬೇಕಿತ್ತು. ಅವರಿಗೆ ಕನ್ನಡಕ ಕೊಟ್ಟೆ. ಬೆರಳಿಟ್ಟು ಒಂದೊಂದೇ ಪದ ಓದಿದರು, ಒಂದು ಕಡೆ ನಿಂತರು.

"ಸ್ವ ಇಚ್ಛೆಯಿಂದ ಅಂತ ಐತೆ. ಹಂಗಂದ್ರೆ?"

"ನಮ್ಮ ಮನಸ್ಸಿನಿಂದ, ಯಾರ ಬಲವಂತಾನೂ ಇಲ್ದೆ ಅಂತ."

"ನಾನು ಹಂಗಂತ ಹೇಳಿಲ್ವಲ್ಲಮ್ಮ."

ಹುಡುಗಿ ಅಂಗಳದ ಕಡೆ ನೋಡಿದಳು. ನಮ್ಮ ಯಜಮಾನರು ಕೆಮ್ಮಿದರು. ನಾನು ಅತ್ತೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, "ಅತ್ತೆ, ಹಾಗೆ ಬರೆದ್ರೇನೇ ಕೇಸಾಗಲ್ಲ. ಹಾಕಿ" ಅಂದೆ. ಅವರು ಸುಮಾರು ಹೊತ್ತು ಪೆನ್ನು ಹಿಡಿದುಕೊಂಡಿದ್ದರು. ಆಮೇಲೆ ಹಾಕಿದರು. ಅವರ ಸಹಿ ಯಾವಾಗಲೂ ಗುಂಡಗೆ, ದೊಡ್ಡದಾಗಿರುತ್ತದೆ. ಅವತ್ತು ಸಣ್ಣಗಿತ್ತು.

"ಕಾಲು ನೆಟ್ಟಗಾಗ್ತದಾ?" ಅಂತ ಕೇಳಿದರು.

"ಕುಂಟಬಹುದು ಅಜ್ಜಿ. ಬದುಕ್ತದೆ. ಅಲ್ಲಿ ಡಾಕ್ಟರಿದ್ದಾರೆ."

"ಇದು ಟೊಮೇಟೊ ತಿಂತದೆ, ಆದ್ರೆ ಹುಳಿ ಜಾಸ್ತಿ ಇದ್ರೆ ಮುಟ್ಟಲ್ಲ. ಚಳಿಗಾಲದಾಗೆ ಊಟ ಬಿಡ್ತದೆ, ಹೆದರ್ಕೋಬೇಡಿ ಅಂತ ಅವ್ರಿಗೆ ಹೇಳಮ್ಮ."

"ಹೇಳ್ತೀನಿ."

"ನೋಡಕ್ಕೆ ಬಿಡ್ತಾರಾ?"

ಹುಡುಗಿ ಇಲ್ಲ ಅನ್ನಲಿಲ್ಲ. "ಅಲ್ಲಿ ಜನರನ್ನ ಒಳಗೆ ಬಿಡೋದು ಕಷ್ಟ ಅಜ್ಜಿ" ಅಂದಳು. ಅತ್ತೆ ಆಯ್ತು ಅನ್ನುವಂತೆ ತಲೆ ಅಲ್ಲಾಡಿಸಿದರು. ಕ್ರೇಟಿನಲ್ಲಿ ಅದನ್ನು ಇಟ್ಟದ್ದು ಅವರೇ. ಗಾಡಿ ಬೀದಿ ತಿರುಗುವವರೆಗೂ ನಿಲ್ಲಲಿಲ್ಲ, ಅದರ ಬಾಗಿಲು ಮುಚ್ಚುವ ಮೊದಲೇ ಒಳಗೆ ಹೋಗಿ ಅಕ್ಕಿ ಆರಿಸಲು ಕೂತರು.

ನನಗೆ ಒಂದು ಭಾರ ಇಳಿಯಬೇಕಿತ್ತು, ಇಳಿಯಲಿಲ್ಲ. ಡ್ಯೂಟಿ, ಬಸ್ಸು, ಅಡುಗೆ ಎಲ್ಲ ಮೊದಲಿನ ಹಾಗೇ ನಡೆದವು. ಸಾದಲಿಯ ಆಯಾಗೆ ಇನ್ನು ಸೊಪ್ಪು ಬೇಡ ಅಂದಾಗ ಅವಳು ಯಾಕೆ ಸಿಸ್ಟರ್ ಅಂದಳು. ಪೂರ್ತಿ ಹೇಳಲು ಬೇಜಾರಾಗಿ ಕೊಟ್ಟುಬಿಟ್ವಿ ಅಂದೆ. ಅತ್ತೆ ಮನೆಯಲ್ಲಿ ಎಲ್ಲರ ಜೊತೆ ಸರಿಯಾಗೇ ಇದ್ದರು, ಆದರೆ ಹಿತ್ತಲ ಕಡೆ ಹೋಗುವುದನ್ನು ಬಿಟ್ಟರು. ಪಾತ್ರೆ ಒಣಹಾಕುವುದಕ್ಕೂ ನನ್ನನ್ನೇ ಕಳಿಸುತ್ತಿದ್ದರು. ತೆಲುಗು ಮಾತು ಮನೆಯಲ್ಲಿ ಕಡಿಮೆಯಾಯಿತು. ಅದು ಎಷ್ಟು ಕಿವಿಗೆ ಬೀಳುತ್ತಿತ್ತು ಅಂತ ನಿಂತ ಮೇಲೆ ಗೊತ್ತಾಯಿತು.

ಪಕ್ಕದವನು ಚಪ್ಪಡಿಗಳನ್ನು ಆಚೆ ಸಾಗಿಸಿ ಗೋಡೆ ಎತ್ತರಿಸಿದ. ನಾಯಿಗೆ ದಪ್ಪ ಹಗ್ಗ ಬಂತು, ಬೆಳಿಗ್ಗೆ ಅವನೇ ಹಿಡಿದುಕೊಂಡು ಬೀದಿ ಕೊನೆಯವರೆಗೂ ನಡೆಸಿಕೊಂಡು ಹೋಗುತ್ತಿದ್ದ. ಒಂದು ಸಂಜೆ ಎಲೆಯಲ್ಲಿ ಕಟ್ಟಿದ ಕನಕಾಂಬರ ತಂದು ಅತ್ತೆಯ ಮುಂದೆ ಇಟ್ಟ.

"ತಪ್ಪಾಯ್ತಮ್ಮ."

ಅತ್ತೆ ಹೂವು ತೆಗೆದುಕೊಂಡು ದೇವರ ಮುಂದೆ ಇಟ್ಟು ಬಂದರು. "ನಾಯಿಗೆ ಹೊಡೀಬೇಡಪ್ಪ. ಅದರ ಬುದ್ಧಿ ಅದು ತೋರಿಸ್ತು. ನೀನು ಕಟ್ಟಾಕಬೇಕಿತ್ತು." ಅಷ್ಟೇ ಅಂದರು. ಅವನು ತಲೆ ಅಲ್ಲಾಡಿಸಿ ಹೊರಟುಹೋದ.

ಸ್ವಲ್ಪ ಕಾಲವಾದ ಮೇಲೆ ಗಾರ್ಡ್ ಹುಡುಗಿ ತಾನಾಗಿಯೇ ಫೋನ್ ಮಾಡಿದಳು. ಗಾಯ ಮಾಗಿದೆಯಂತೆ. ಕಾಲು ಎಳೆಯುತ್ತದಂತೆ. ಕಾಡಿಗೆ ಬಿಡಲು ಆಗುವುದಿಲ್ಲವಂತೆ, ಇನ್ನು ಅಲ್ಲೇ, ಬೇಲಿಯೊಳಗೆ, ಅದರಂಥ ಬೇರೆಯವುಗಳ ಜೊತೆ. ಸ್ಪೀಕರಿನಲ್ಲಿ ಹಾಕಿ ಅತ್ತೆಗೂ ಕೇಳಿಸಿದೆ. ಅವರು ಎಲ್ಲ ಕೇಳಿ, "ಬೇರೆಯವೂ ಅವೆ ಅಂದ್ರಾ?" ಅಂದರು.

"ಹೂಂ ಅಜ್ಜಿ, ಬೇಕಾದಷ್ಟಿವೆ."

"ಇದಕ್ಕೆ ಇನ್ನೊಂದು ತಾಬೇಲು ಹೆಂಗಿರ್ತದೆ ಅಂತಾನೇ ಗೊತ್ತಿರ್ಲಿಲ್ಲ," ಅಂದರು. ಫೋನ್ ಇಟ್ಟ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಒಲೆಯ ಕಡೆ ಹೋದರು.

ಆ ವಾರ ನನಗೆ ಜ್ವರ ಬಂತು. ದೊಡ್ಡದೇನಲ್ಲ, ಮೈ ಕೈ ನೋವು, ಎದ್ದು ನಿಂತರೆ ತಲೆ ಸುತ್ತು. ಬಹಳ ವರ್ಷಗಳ ಮೇಲೆ ರಜೆ ಹಾಕಿ ಹಗಲು ಹೊತ್ತು ಮನೆಯಲ್ಲಿ ಮಲಗಿದೆ. ಜ್ವರ ಬಿಟ್ಟ ಮಧ್ಯಾಹ್ನ ಎಚ್ಚರವಾದಾಗ ಅತ್ತೆ ಹಾಸಿಗೆಯ ಪಕ್ಕ ಹರಳೆಣ್ಣೆ ಬಟ್ಟಲು ಇಟ್ಟುಕೊಂಡು ಕೂತಿದ್ದರು.

"ಏಳು. ಕೆಳಗೆ ಕೂತ್ಕೊ. ತಲೆಗೆ ಎಣ್ಣೆ ಕಂಡು ಎಷ್ಟು ದಿನ ಆಯ್ತೋ ಏನೋ."

ಬೇಡ ಅತ್ತೆ ಅಂದೆ. ಅವರು ಕೇಳಲಿಲ್ಲ. ನೆಲದ ಮೇಲೆ ಅವರ ಮೊಣಕಾಲಿಗೆ ಬೆನ್ನು ಕೊಟ್ಟು ಕೂತೆ. ಬಿಸಿ ಎಣ್ಣೆ ನೆತ್ತಿಗೆ ಬಿತ್ತು. ಅವರ ಬೆರಳುಗಳಲ್ಲಿ ಇನ್ನೂ ಕಸುವಿತ್ತು. ಸೀರೆ ಅಂಗಡಿಯವಳ ಮಗಳ ಮದುವೆ, ಮಳೆ ಬರುತ್ತದೋ ಇಲ್ಲವೋ, ಅವರೆಕಾಯಿ ಈ ವರ್ಷ ತಡ, ಹೀಗೆ ಏನೇನೋ ಮಾತಾಡುತ್ತಾ ತಿಕ್ಕಿದರು.

"ನೀನೂ ಎಷ್ಟು ಅಂತ ಓಡಾಡ್ತೀಯಮ್ಮ," ಅಂದರು ಸ್ವಲ್ಪ ಹೊತ್ತಿನ ಮೇಲೆ. "ಎಲ್ಲದಕ್ಕೂ ನೀನೇ."

ಕೂದಲನ್ನು ಎರಡು ಭಾಗ ಮಾಡಿ ಬಾಚಲು ಶುರು ಮಾಡಿದರು. ಸಿಕ್ಕು ಬಿಡಿಸುವಾಗ ನೋಯದ ಹಾಗೆ ಬುಡ ಹಿಡಿದುಕೊಂಡಿದ್ದರು. ಹೊರಗೆ ಸೊಪ್ಪಿನವಳು ಕೂಗುತ್ತಾ ಹೋದಳು. ಇಬ್ಬರಲ್ಲಿ ಯಾರೂ ಏಳಲಿಲ್ಲ. ನಾನು ಕೂತಲ್ಲೇ ಅವರ ಮೊಣಕಾಲಿಗೆ ತಲೆ ಒರಗಿಸಿ ನಿದ್ದೆ ಹೋದೆ.